ಅಂಟುವಾಳದಿಂದ ಶ್ರವಣಾತೀತದವರೆಗೆ

(ಬಾನುಲಿ ಭಾಷಣ)

ಚಿನ್ನಕ್ಕೆ ಕಿಲುಬಿಲ್ಲವೆಂಬುದು ಲೋಕರೂಢಿಯ ಮಾತು. ಮಾತು ನಿಜವೇ, ಆದರೆ ಚಿನ್ನಕ್ಕೆ ಕೊಳೆಯಿಲ್ಲವೆಂದು ಯಾರೂ ಹೇಳಿಲ್ಲ. ಮೈಯ ಬೆವರು, ತಲೆಯ ಎಣ್ಣೆ, ಅರಿಸಿನ, ಕುಂಕುಮ, ಸಾಬೂನಿನ ಜಿಡ್ಡು ಇವೆಲ್ಲ ಒಡವೆಯ ಸಂದುಗೊಂದುಗಳಲ್ಲಿ ಸೇರಿಕೊಂಡು ವರುಷ ತುಂಬುವುದರೊಳಗೆ ಅದರ ಕಾಂತಿಯನ್ನು ಮರೆಮಾಡುತ್ತವೆ. ಕಾರವಾರ, ಅಂಕೋಲೆಗಳಂತಹ ಕಡಲ ತಡಿಯ ಊರುಗಳಲ್ಲಿ ಬೆವರೂ ಹೆಚ್ಚು, ಗಾಳಿಯಲ್ಲಿ ಉಪ್ಪಿನ ತೇವವೂ ಹೆಚ್ಚು. ಆದುದರಿಂದ ಒಡವೆಯನ್ನು ಮಾಡುವ ಕಲೆಯೆಷ್ಟು ಹಳೆಯದೋ ಅದನ್ನು ತೊಳೆಯುವ ಕಲೆಯೂ ಅಷ್ಟೇ ಹಳೆಯದಾಗಿರಬೇಕು. ಈ ತೊಳೆಯುವ ಕಲೆ ಅಂಟುವಾಳದ ನೊರೆಯಿಂದ ಹೊರಟು, ಕಿವಿಗೆ ಕೇಳಿಸದ ಧ್ವನಿಯವರೆಗೆ ನಡೆದುಬಂದ ಬಗೆಯನ್ನು ಇಂದು ಸ್ವಲ್ಪ ನೋಡೋಣ.

ಹಳಗನ್ನಡದ ಶಾಸನಗಳಲ್ಲಿ ಚಿನ್ನದ ಕೆಲಸಗಾರನಿಗೆ ಅಕ್ಕಸಾಲೆ, ಅಕ್ಕಸಾಲಿಗ ಎಂಬ ಹೆಸರುಗಳುಂಟು. ಸಂಸ್ಕೃತದ ‘ಸುವರ್ಣಕಾರ’ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡಕ್ಕೆ ‘ಸೊನಗಾರ’ನಾಗಿ ಬಂದಿತು. ಉತ್ತರ ಕನ್ನಡದ ಕರಾವಳಿಯಲ್ಲಿ ಈ ಉದ್ಯೋಗ ಬಹುಮಟ್ಟಿಗೆ ದೈವಜ್ಞ ಸಮಾಜದವರದು. ಶೇಟ್ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತರಾದವರು. ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆ, ಚಿಮಟ, ಒರೆಗಲ್ಲು, ಗುಲಗಂಜಿಯ ತೂಕ, ಇಷ್ಟೇ ಅವರ ಸಂಪತ್ತು. ಬಿಳಿಗಾರವಿಟ್ಟು ಬೆಸುಗೆ ಹಾಕಿದ ಮೇಲೆ ಒಡವೆ ಕಪ್ಪಾಗುತ್ತದೆ. ಆ ಕಪ್ಪನ್ನು ಹುಣಿಸೆಯ ಹುಳಿಯಿಂದಲೋ ನೀರು ಬೆರೆಸಿದ ಆಮ್ಲದಿಂದಲೋ ತೆಗೆದು, ಅಂಟುವಾಳದ ನೀರಿನಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತಿದ್ದರು. ಅಂಟುವಾಳದಲ್ಲಿ ನೊರೆ ಬರಿಸುವ ಸತ್ತ್ವವಿದೆ. ಅದು ಜಿಡ್ಡನ್ನು ಬಿಡಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಬ್ರಷ್ಷಿನ ಕೂದಲು ಹೊಗದ ಕಡೆಗೆ ಅಂಟುವಾಳದ ಉಪಕಾರವೂ ತಲುಪದು.

ತೊಳೆಯುವ ಕೆಲಸಕ್ಕೆ ಇನ್ನೊಂದು ಮುಖವೂ ಉಂಟು. ಅದು ನಂಬಿಕೆಯದು. ನಮ್ಮ ಹೆಣ್ಣುಮಕ್ಕಳ ಪಾಲಿಗೆ ಒಡವೆಯೆಂದರೆ ಅಲಂಕಾರ ಮಾತ್ರವಲ್ಲ. ಕಷ್ಟಕಾಲದ ಆಧಾರ, ಸ್ತ್ರೀಧನ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವು ಚಿನ್ನವನ್ನೂ ಕರಗಿಸಬಲ್ಲದೆಂಬುದು ರಸವಾದಿಗಳ ಕಾಲದಿಂದ ತಿಳಿದ ಸಂಗತಿ. ಹೊಳಪು ಕೊಡುತ್ತೇವೆಂದು ಮನೆಬಾಗಿಲಿಗೆ ಬರುವ ಅಪರಿಚಿತ ವಂಚಕರು ಈ ವಿದ್ಯೆಯನ್ನೇ ಬಳಸುತ್ತಾರೆ. ಸರ ಫಳಫಳಿಸುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಒಡವೆಯನ್ನು ಕಣ್ಣೆದುರಿನಲ್ಲೇ ತೊಳೆದುಕೊಡುವ ಪರಿಚಿತ ಸೊನಗಾರನಿಗೆ ಊರಿನಲ್ಲಿ ಇದ್ದ ಗೌರವದ ಗುಟ್ಟು ಇದರಲ್ಲಿದೆ. ಇಂದು ಆಭರಣದಂಗಡಿಗಳಲ್ಲಿ ಕಾಣುವ, ಗುಂಯ್ಗುಡುವ ಉಕ್ಕಿನ ತೊಟ್ಟಿ ಹೊಸದಾಗಿದ್ದರೂ ಅದಕ್ಕೆ ನಾವು ಒಪ್ಪಿಸುವುದು ಅದೇ ಹಳೆಯ ನಂಬಿಕೆಯನ್ನು.

ಈ ತೊಟ್ಟಿಯ ವಂಶಾವಳಿ ಸ್ವಾರಸ್ಯವಾದುದು. ಅದರ ಪೂರ್ವಜರಲ್ಲಿ ಯಾರೂ ಒಡವೆ ತೊಳೆಯಲೆಂದು ಹೊರಟವರಲ್ಲ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಅದನ್ನು ಮೀರಿದುದು ಶ್ರವಣಾತೀತ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು, ಸ್ಫಟಿಕವನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ಇದರ ವಿಲೋಮವೂ ನಿಜವೆಂದು ಮರುವರ್ಷವೇ ತಿಳಿಯಿತು: ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕ ಕಂಪಿಸುತ್ತದೆ. ಇತ್ತ 1890ರ ದಶಕದಲ್ಲಿ ಇಂಗ್ಲೆಂಡಿನ ‘ಡೇರಿಂಗ್’ ಎಂಬ ಯುದ್ಧನೌಕೆ ನಿರೀಕ್ಷಿಸಿದ ವೇಗದಲ್ಲಿ ಓಡದೆ ಹೋಯಿತು. ತಿರುಗುವ ಚಕ್ರದಲಗಿನ ಹಿಂದೆ ನೀರು ಹರಿದು ಟೊಳ್ಳಾಗಿ ಗುಳ್ಳೆಗಳೇಳುವುದೇ ಇದಕ್ಕೆ ಕಾರಣವೆಂದು ಗೊತ್ತಾಯಿತು. ಅಂತಹ ಗುಳ್ಳೆ ಕುಸಿಯುವಾಗ ಎಷ್ಟು ಭೀಕರ ಒತ್ತಡ ಹುಟ್ಟುತ್ತದೆಂಬುದನ್ನು ಲಾರ್ಡ್ ರ‍್ಯಾಲೆ 1917ರಲ್ಲಿ ಲೆಕ್ಕಹಾಕಿ ತೋರಿಸಿದನು. ಹಡಗಿನ ಕಂಚಿನ ಅಲಗುಗಳನ್ನು ಗುಳಿಗುಳಿಯಾಗಿ ತಿನ್ನುವುದು ಈ ಗುಳ್ಳೆಗಳೇ.

ಮೊದಲ ಮಹಾಯುದ್ಧದಲ್ಲಿ ಈ ಎರಡು ಧಾರೆಗಳು ಕೂಡಿದವು. ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಹುಡುಕಲು ಫ್ರಾನ್ಸಿನ ಪಾಲ್ ಲಾಂಜೆವಿನ್ ಸ್ಫಟಿಕವನ್ನು ಕಂಪಿಸಿ ನೀರಿನೊಳಗೆ ಶ್ರವಣಾತೀತ ಧ್ವನಿಯನ್ನು ಕಳುಹಿಸಿದನು. ಆ ಧ್ವನಿಯ ಹಾದಿಗೆ ಬಂದ ಸಣ್ಣ ಮೀನುಗಳು ಸತ್ತವು. ನೀರಿನಲ್ಲಿ ಕೈಯಿಟ್ಟವರಿಗೆ ನೋವಾಯಿತು. 1927ರಲ್ಲಿ ಅಮೆರಿಕೆಯ ವುಡ್ ಮತ್ತು ಲೂಮಿಸ್ ಇದನ್ನೇ ವಿಸ್ತಾರವಾಗಿ ಪರೀಕ್ಷಿಸಿದರು. ಇಂದು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿನ ಹಿಂಡನ್ನು ಹುಡುಕುವುದೂ ಲಾಂಜೆವಿನ್ನನ ವಿದ್ಯೆಯಿಂದಲೇ. ಕಾರವಾರದ ಬಳಿ 2005ರಲ್ಲಿ ಕಾರ್ಯಾರಂಭ ಮಾಡಿದ ‘ಕದಂಬ’ ನೌಕಾನೆಲೆಗೆ ಬರುವ ಯುದ್ಧನೌಕೆಗಳ ‘ಸೋನಾರ್’ ಕೂಡ ಅದರ ಸಂತಾನವೇ. ಸ್ಫಟಿಕದ ಸ್ಥಾನಕ್ಕೆ ಅಗ್ಗದ ಪಿಂಗಾಣಿ ಜಾತಿಯ ವಸ್ತುಗಳು ಬಂದ ಮೇಲೆ, 1950ರ ದಶಕದಲ್ಲಿ, ತೊಳೆಯುವ ತೊಟ್ಟಿಗಳು ಮಾರುಕಟ್ಟೆಯನ್ನು ಕಂಡವು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ನರು, ನಾಗೇಂದ್ರನಾಥರೊಡನೆ 1935–36ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಕವಲೊಡೆಯುತ್ತದೆಂಬುದನ್ನು ವಿವರಿಸಿದರು. ‘ರಾಮನ್–ನಾಥ್ ಸಿದ್ಧಾಂತ’ವೆಂದು ಜಗತ್ತು ಇಂದಿಗೂ ಅದನ್ನು ಹೆಸರಿಸುತ್ತದೆ. ಹೆಚ್ಚುಕಡಮೆ ಅದೇ ಕಾಲದಲ್ಲಿ ರಾಮನ್ನರು ಕಡಲ ಚಿಪ್ಪುಗಳ ಬಣ್ಣದ ಮಿನುಗನ್ನೂ ಅಭ್ಯಸಿಸುತ್ತಿದ್ದರೆಂಬುದನ್ನು ನೆನಪಿಟ್ಟುಕೊಳ್ಳೋಣ. ಆ ಮಾತು ಮುಂದೆ ಬೇಕಾಗುತ್ತದೆ.

ಇನ್ನು ತೊಟ್ಟಿಯ ಕೆಲಸ. ಒಡವೆ ತೊಳೆಯುವ ತೊಟ್ಟಿಯ ತಳಕ್ಕೆ ಅಂಟಿಸಿದ ಬಿಲ್ಲೆಗಳು ಸಾಮಾನ್ಯವಾಗಿ ಸೆಕೆಂಡಿಗೆ 40,000 ಸಲ ಕಂಪಿಸುತ್ತವೆ. ನೀರು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಹಿಗ್ಗಿದಾಗ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಕುಗ್ಗಿದಾಗ ಕುಸಿಯುತ್ತವೆ. ಒಂದೊಂದು ಕುಸಿತವೂ ಕೊಳೆಗೆ ಬೀಳುವ ಒಂದು ಸೂಜಿಯ ಪೆಟ್ಟು. ಬ್ರಷ್ಷು ಹೊಗದ ಕಡೆಗೂ ನೀರು ಹೊಗುತ್ತದೆ, ನೀರು ಹೊಕ್ಕ ಕಡೆಯಲ್ಲೆಲ್ಲ ಈ ಪೆಟ್ಟು ಬೀಳುತ್ತದೆ.

ಶಕ್ತಿಯಿದ್ದ ಕಡೆ ಎಚ್ಚರವೂ ಇರಬೇಕು. ಗುರುತಿನ ಮಟ್ಟದವರೆಗೆ ನೀರು ತುಂಬದೆ ಯಂತ್ರವನ್ನು ನಡೆಸಬಾರದು. ಬರಿತೊಟ್ಟಿಯಲ್ಲಿ ಕಂಪನವನ್ನು ಹೊರುವ ನೀರಿಲ್ಲದೆ ಬಿಲ್ಲೆಗಳು ಕಾದು ಕೆಡುತ್ತವೆ. ಹೊಸ ನೀರಿನಲ್ಲಿ ಕರಗಿರುವ ಗಾಳಿ ಗುಳ್ಳೆಯ ಪೆಟ್ಟನ್ನು ಮೆತ್ತಗಾಗಿಸುವುದರಿಂದ, ಒಡವೆಯಿಡುವ ಮೊದಲು ಐದು ಹತ್ತು ನಿಮಿಷ ಬರಿನೀರನ್ನೇ ಕಂಪಿಸಿ ಗಾಳಿಯನ್ನು ಹೊರಗೆಡಹಬೇಕು. ನೀರು ಬೆಚ್ಚಗಿದ್ದರೆ, ಐವತ್ತು ಅರವತ್ತು ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ, ಲೇಸು. ಕುದಿಯುವ ನೀರಿನಲ್ಲಿ ಗುಳ್ಳೆಯೊಳಗೆ ಆವಿ ತುಂಬಿಕೊಂಡು ಅದರ ಕಸುವು ಕುಂದುತ್ತದೆ. ಒಡವೆಯನ್ನು ತಳಕ್ಕೆ ತಾಗಿಸದೆ ಜಾಲರಿ ಬುಟ್ಟಿಯಲ್ಲಿ ತೂಗಬಿಡಬೇಕು. ಸೌಮ್ಯವಾದ ಮಾರ್ಜಕದ ಕೆಲವು ಹನಿ ಸಾಕು. ಪೆಟ್ರೋಲು, ಸ್ಪಿರಿಟ್ಟು, ಥಿನ್ನರುಗಳನ್ನು ಎಂದೆಂದಿಗೂ ಹಾಕಕೂಡದು. ತೊಟ್ಟಿ ಕಾಯುತ್ತದೆ, ಆವಿ ಏಳುತ್ತದೆ, ವಿದ್ಯುತ್ತಿನ ಒಂದು ಕಿಡಿ ಅಂಗಡಿಯನ್ನೇ ಸುಡಬಲ್ಲದು.

ಎಲ್ಲಕ್ಕಿಂತ ದೊಡ್ಡ ನಿಯಮ, ನಡೆಯುತ್ತಿರುವ ತೊಟ್ಟಿಗೆ ಕೈಯಿಕ್ಕಬಾರದೆಂಬುದು. ಚಿಮಟದಿಂದ ಕೆಂಡವನ್ನು ಹಿಡಿಯುವ ಸೊನಗಾರನಿಗೆ ತಣ್ಣಗೆ ಕಾಣುವ ನೀರು ಅಪಾಯವೆನಿಸುವುದಿಲ್ಲ. ಆದರೆ ಲಾಂಜೆವಿನ್ನನ ಪ್ರಯೋಗಶಾಲೆಯಲ್ಲಿ ಕೈಗೆ ನೋವುಂಟುಮಾಡಿದ ಧ್ವನಿಯೇ ಇಲ್ಲಿಯೂ ಇರುವುದು. ಅದು ಚರ್ಮದ ಮೇಲೆ ನಿಲ್ಲದೆ ಒಳಗಿನ ಮೂಳೆಯವರೆಗೂ ಹೊಗುತ್ತದೆ. ಸೂಕ್ಷ್ಮ ಕುಸುರಿಯ ಅನ್ನ ಬೆರಳ ತುದಿಯಲ್ಲಿದೆ. ಯಂತ್ರವನ್ನು ನಿಲ್ಲಿಸಿ ಬುಟ್ಟಿಯನ್ನೆತ್ತುವ ಅರ್ಧ ನಿಮಿಷಕ್ಕೆ ಬೇಸರಪಡಬಾರದು. ಮುಚ್ಚಳ ಮುಚ್ಚಿಯೇ ನಡೆಸಬೇಕು. ಮೂಲಧ್ವನಿ ಕೇಳಿಸದಿದ್ದರೂ ಅದರೊಡನೆ ಹುಟ್ಟುವ ಕರ್ಕಶವಾದ ಸಿಳ್ಳು ದಿನವಿಡೀ ಕಿವಿಗೆ ಬಿದ್ದರೆ ಕೇಡು. ನೀರು ತುಂಬುವಾಗ, ಚೆಲ್ಲುವಾಗ ವಿದ್ಯುತ್ತಿನ ತಂತಿಯನ್ನು ಕಿತ್ತಿಡಬೇಕು. ಭೂಸಂಪರ್ಕವಿರುವ ಮೂರು ಮುಳ್ಳಿನ ಪ್ಲಗ್ಗೇ ಇರಬೇಕು.

ಯಾವ ಒಡವೆ ತೊಟ್ಟಿಗೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿವೇಕ ಇದರಷ್ಟೇ ಮುಖ್ಯ. ರಾಮನ್ನರ ಚಿಪ್ಪುಗಳು ಇಲ್ಲಿ ನೆನಪಾಗಬೇಕು. ಚಿಪ್ಪಿನ ಮಿನುಗು ಅದರ ತೆಳುವಾದ ಪದರುಗಳಿಂದ ಬಂದುದು. ಮುತ್ತೂ ಅಂತಹ ಪದರುಗಳ ಕಟ್ಟಡವೇ. ಸುಟ್ಟು ಸುಣ್ಣ ಮಾಡುವ ಕಾಳಿನದಿಯ ಚಿಪ್ಪಿಗೂ ರಾಣಿಯ ಕೊರಳಿನ ಮುತ್ತಿಗೂ ಮೂಲದ್ರವ್ಯ ಒಂದೇ. ಮುತ್ತು ಮೃದು, ಹವಳವೂ ಮೃದು. ಎರಡನ್ನೂ ಒದ್ದೆಬಟ್ಟೆಯಿಂದ ಒರಸಬೇಕಲ್ಲದೆ ತೊಟ್ಟಿಗೆ ಹಾಕಬಾರದು. ಪಚ್ಚೆಯ ಬಿರುಕುಗಳಿಗೆ ಎಣ್ಣೆಯೂಡಿರುವುದು ವಾಡಿಕೆ. ಆ ಎಣ್ಣೆ ಹೊರಬಂದರೆ ಬಿರುಕು ಬಯಲಾಗುತ್ತದೆ. ಒಳಗೆ ಅರಗು ತುಂಬಿದ ಹಳೆಯ ಕಡಗ, ಅಂಟಿನಿಂದ ಕೂಡಿಸಿದ ಕಲ್ಲು, ಸಡಿಲವಾದ ಕಟ್ಟಿನ ಓಲೆ ಇವೂ ವರ್ಜ್ಯ. ಅಂಕೋಲೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳು ತುಂಬ ಧರಿಸುವ ಮಣಿಸರಗಳನ್ನು ನೀವು ಬಲ್ಲಿರಿ. 2017ರಲ್ಲಿ ಸುಕ್ರಿ ಬೊಮ್ಮಗೌಡರೂ 2021ರಲ್ಲಿ ತುಳಸಿ ಗೌಡರೂ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ ನಾಡೆಲ್ಲ ಅವನ್ನು ಕಂಡಿತು. ಗಾಜಿನ ಮಣಿ ಗಟ್ಟಿಯಾದರೂ ಅದನ್ನು ಹಿಡಿದಿರುವುದು ನೂಲು. ನೀರು ಕುಡಿದ ನೂಲು ಒಳಗೊಳಗೇ ಸವೆದು ಒಂದು ದಿನ ಸರವನ್ನು ಚೆಲ್ಲಿಬಿಡುತ್ತದೆ. ಅಂತಹ ಸರಕ್ಕೆ ಯಂತ್ರವಲ್ಲ, ಕೈಯೇ ಮದ್ದು.

ಯಂತ್ರದ ಆರೈಕೆಯಲ್ಲಿ ನಮ್ಮ ಕರಾವಳಿಗೆ ಸಲ್ಲುವ ಒಂದು ಮಾತನ್ನು ಒತ್ತಿ ಹೇಳಬೇಕು. ತೊಟ್ಟಿ ತುಕ್ಕುಹಿಡಿಯದ ಉಕ್ಕಿನದಾದರೂ ಉಪ್ಪು ಅದಕ್ಕೆ ಶತ್ರು. ಕಡಲ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಸವುಳಾಗುವುದುಂಟು. ಅದನ್ನು ತುಂಬಿದರೆ ಉಕ್ಕಿನಲ್ಲಿ ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ. ಸಿಹಿನೀರನ್ನೇ ಬಳಸಿ, ಸಂಜೆ ಬರಿದುಮಾಡಿ, ಒರಸಿ ಒಣಗಿಸಿಡಬೇಕು. ತಳದಲ್ಲಿ ಕೂತ ಮಡ್ಡಿ ಕಂಪನದೊಡನೆ ಕೂಡಿ ತೊಟ್ಟಿಯನ್ನೇ ಸವೆಸುತ್ತದೆ, ತೂತಾದರೆ ನೀರು ವಿದ್ಯುತ್ತಿನ ಭಾಗಕ್ಕಿಳಿಯುತ್ತದೆ. ಆದರೆ ಆ ಮಡ್ಡಿಯನ್ನು ಚರಂಡಿಗೆ ಚೆಲ್ಲಬೇಡಿ. ಸೊನಗಾರನ ಅಂಗಡಿಯ ಕಸಕ್ಕೂ ಬೆಲೆಯುಂಟೆಂಬುದು ಹಿಂದಿನವರು ಕಂಡ ಸತ್ಯ. ಬಟ್ಟೆಯಲ್ಲಿ ಸೋಸಿದರೆ ಚಿನ್ನದ ಕಣಗಳು ಉಳಿಯುತ್ತವೆ. ಯಂತ್ರದ ಕಸುವನ್ನು ಅರಿಯಲು ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಒಂದು ನಿಮಿಷ ನೀರಿನಲ್ಲಿ ತೂಗಬಿಟ್ಟರೆ ಸಾಕು. ಹಾಳೆಯ ತುಂಬ ಸಮವಾಗಿ ಗುಳಿಗಳು ಬಿದ್ದಿದ್ದರೆ ಯಂತ್ರ ಆರೋಗ್ಯವಾಗಿದೆ. ಒಂದು ಕಡೆ ನುಣುಪಾಗಿಯೇ ಉಳಿದಿದ್ದರೆ ಆ ಭಾಗದ ಬಿಲ್ಲೆ ಸೋತಿದೆಯೆಂದು ತಿಳಿಯಬೇಕು.

ಈ ತೊಟ್ಟಿ ಚಿನ್ನವನ್ನು ಕರಗಿಸುವುದಿಲ್ಲ. ಆಮ್ಲದ ಭಯವಿದ್ದ ಕಡೆ ಅದು ಭರವಸೆಯನ್ನು ತಂದಿದೆ. ಆದರೂ ಸಡಿಲವಾದ ಕಲ್ಲು ಕಳಚಿ ಬೀಳಬಹುದು, ಮಾತು ಬೆಳೆಯಬಹುದು. ಆದುದರಿಂದ ತೊಳೆಯುವ ಮೊದಲು ಕಲ್ಲುಗಳನ್ನು ಎಣಿಸಿ, ಒಡವೆಯನ್ನು ತೂಗಿ, ತೊಳೆದು ಒಣಗಿಸಿದ ಮೇಲೆ ಮತ್ತೆ ತೂಗಿ ತೋರಿಸುವ ಪದ್ಧತಿಯನ್ನು ಅಂಗಡಿಯವರು ಬಿಡಬಾರದು, ಗಿರಾಕಿಗಳು ಕೇಳಲು ಸಂಕೋಚಪಡಬಾರದು. ಹೋದ ಕೊಳೆಯಷ್ಟು ತೂಕ ಇಳಿದರೆ ಅದು ಸಹಜ. ಅದಕ್ಕಿಂತ ಹೆಚ್ಚಿಗೆ ಇಳಿದರೆ ಕಾರಣ ಕೇಳುವ ಹಕ್ಕು ಒಡವೆಯ ಒಡತಿಗೆ ಇದ್ದೇ ಇದೆ. ತಕ್ಕಡಿಯ ಕೆಲಸವನ್ನು ಶ್ರವಣಾತೀತ ಧ್ವನಿ ಮಾಡಿಕೊಡಲಾರದು.