ಕೊಪ್ಪಳದ ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆಯೇ? ಕಳಪೆ ಡೀಸೆಲ್‌ಗೆ ಪರಿಹಾರ ಸಿಗುತ್ತದೆಯೇ?

ಭತ್ತದ ಕೊಯ್ಲಿನ ಹೊತ್ತಿಗೆ ಗಂಗಾವತಿ ಕಡೆ ಟ್ರ್ಯಾಕ್ಟರ್ ಒಂದು ದಿನ ನಿಂತರೂ ನಷ್ಟವೇ. ಡಿಸೆಂಬರ್ ಬೆಳಗಿನ ಜಾವ ಗಾಡಿ ಸ್ಟಾರ್ಟ್ ಆಗದಿದ್ದರೆ "ಚಳಿಗೆ ಡೀಸೆಲ್ ಗಟ್ಟಿಯಾಗಿದೆ, ಬಿಸಿಲು ಏರಲಿ" ಎಂದು ಕಾಯುವವರಿದ್ದಾರೆ. "ಬಂಕ್‌ನವರು ಚಳಿಗಾಲದ ಡೀಸೆಲ್ ಕೊಡಬೇಕಿತ್ತು, 1915ಕ್ಕೆ ಫೋನ್ ಮಾಡಿದರೆ ಪರಿಹಾರ ಬರುತ್ತದೆ" ಎನ್ನುವವರೂ ಇದ್ದಾರೆ. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ತಪ್ಪನ್ನು ನಂಬಿ ಕಾಯುತ್ತ ಕುಳಿತರೆ ಸಿಗಬೇಕಾದ ಪರಿಹಾರವೂ ಕೈತಪ್ಪಬಹುದು.

ಮೊದಲು ಚಳಿಯ ವಿಷಯ. ಡೀಸೆಲ್‌ನಲ್ಲಿ ಮೇಣದಂಥ ಅಂಶ ಸಹಜವಾಗಿಯೇ ಇರುತ್ತದೆ. ತಾಪಮಾನ ತೀರಾ ಇಳಿದಾಗ ಅದು ಹರಳುಗಟ್ಟಿ ಫಿಲ್ಟರ್‌ಗೆ ಅಡ್ಡವಾಗುತ್ತದೆ. ಅದಕ್ಕೇ ಡೀಸೆಲ್‌ನ ಭಾರತೀಯ ಮಾನದಂಡವಾದ ಐಎಸ್ 1460, ಫಿಲ್ಟರ್ ಕಟ್ಟಿಕೊಳ್ಳುವ ತಾಪಮಾನಕ್ಕೆ ಮಿತಿ ಹಾಕಿದೆ. ಚಳಿಗಾಲದಲ್ಲಿ ಅದು 6 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಉಳಿದ ಕಾಲದಲ್ಲಿ 18 ಡಿಗ್ರಿ. ಅಂದರೆ ಚಳಿಗಾಲದಲ್ಲಿ ಮಾರುವ ಸಾಮಾನ್ಯ ಡೀಸೆಲ್ಲೇ 6 ಡಿಗ್ರಿವರೆಗೆ ತಡೆಯಬೇಕು. ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲಿ ಎಷ್ಟೇ ಚಳಿ ಬಿದ್ದರೂ ಅಷ್ಟು ಕೆಳಗಿಳಿಯುವುದು ತೀರಾ ಅಪರೂಪ. ಬೇಸಿಗೆಯಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟ ಹಳೆಯ ಡೀಸೆಲ್ ಆದರೆ ಮಾತು ಬೇರೆ. ಆದರೆ ಅದರ ಹೊಣೆಯನ್ನು ಬಂಕ್ ಮೇಲೆ ಹೊರಿಸಲಾಗದು.

"ವಿಂಟರ್ ಡೀಸೆಲ್" ಎಂಬ ಇಂಧನ ನಿಜಕ್ಕೂ ಇದೆ. ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರ್‌ನಲ್ಲಿ ಲಡಾಖ್‌ಗಾಗಿ ಅದನ್ನು ಬಿಡುಗಡೆ ಮಾಡಿತು. ಮೈನಸ್ 33 ಡಿಗ್ರಿಯಲ್ಲೂ ಅದು ಹರಿಯುತ್ತದೆ. ಲೇಹ್ ಕಡೆ ಲಾರಿ ಓಡಿಸುವವರಿಗೆ ಅದು ಬೇಕು, ಕೊಪ್ಪಳದ ಬಂಕ್‌ನಲ್ಲಿ ಅದನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಗಾಡಿ ನಿಂತಿದ್ದೇಕೆ? ಬ್ಯಾಟರಿ ದುರ್ಬಲವಾಗಿರಬಹುದು, ಫಿಲ್ಟರ್ ಹಳೆಯದಾಗಿರಬಹುದು. ಇಂಧನದ ದೋಷವೇ ಆದರೆ ಮೊದಲ ಅನುಮಾನ ನೀರಿನ ಮೇಲೆ. ನೀರು ಡೀಸೆಲ್ ಜೊತೆ ಬೆರೆಯದೆ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಇಂಜೆಕ್ಟರ್ ಮತ್ತು ಪಂಪಿಗೆ ತುಕ್ಕು ಹಿಡಿಸುತ್ತದೆ. ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ತೆಗೆದು ಅಲುಗಾಡಿಸದೆ ಇಟ್ಟರೆ ತಳದ ನೀರು ಬೇರೆಯಾಗಿ ಕಾಣುತ್ತದೆ. ಆದರೆ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ತೇವ ಕೂಡಿಯೂ ನೀರು ಸೇರಬಹುದು. ನಾಳೆ ಬಂಕ್‌ನವರು ಹೇಳುವುದೂ ಇದನ್ನೇ.

ಇಲ್ಲಿ ಇನ್ನೊಂದು ಫಾರ್ವರ್ಡ್‌ನ ಮಾತು. ಫಿಲ್ಟರ್ ಪೇಪರ್ ಮೇಲೆ ಹನಿ ಹಾಕಿ, ಕಲೆ ಉಳಿದರೆ ಕಲಬೆರಕೆ ಎನ್ನುವ ಪರೀಕ್ಷೆ ಪೆಟ್ರೋಲ್‌ಗೆ ಮಾತ್ರ. ಒಳ್ಳೆಯ ಡೀಸೆಲ್ ಕೂಡ ಕಾಗದದ ಮೇಲೆ ಎಣ್ಣೆಕಲೆ ಬಿಡುತ್ತದೆ. ಡೀಸೆಲ್‌ಗೆ ಬಂಕ್‌ನಲ್ಲೇ ಮಾಡಿಸಬಹುದಾದದ್ದು ಸಾಂದ್ರತೆಯ ಪರೀಕ್ಷೆ. ಹೈಡ್ರೋಮೀಟರ್, ಥರ್ಮಾಮೀಟರ್ ಎರಡೂ ಬಂಕ್‌ನಲ್ಲಿ ಇರಲೇಬೇಕು, ಗ್ರಾಹಕರು ಕೇಳಿದರೆ ಪರೀಕ್ಷಿಸಿ ತೋರಿಸಬೇಕು. ಬಂದ ಅಂಕಿಯನ್ನು 15 ಡಿಗ್ರಿಯ ಲೆಕ್ಕಕ್ಕೆ ಪರಿವರ್ತಿಸಿದಾಗ, ಟ್ಯಾಂಕರ್ ಬಂದಾಗ ದಾಖಲಿಸಿದ ಸಾಂದ್ರತೆಗೂ ಇದಕ್ಕೂ ಘನ ಮೀಟರ್‌ಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಿಸಿಲಿನಲ್ಲಿ ನೇರವಾಗಿ ಓದಿದ ಅಂಕಿ ಕಡಿಮೆಯೇ ಬರುತ್ತದೆ, ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ.

ಇನ್ನು ಪರಿಹಾರ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಪ್ರಕಾರ ದೋಷವುಳ್ಳ ಡೀಸೆಲ್‌ಗೂ ದೂರು ಕೊಡಬಹುದು. "ಟ್ರ್ಯಾಕ್ಟರ್ ವ್ಯವಹಾರಕ್ಕೆ ಬಳಸುತ್ತೀರಿ, ನೀವು ಗ್ರಾಹಕರೇ ಅಲ್ಲ" ಎಂಬ ಮಾತಿಗೆ ಹೆದರಬೇಕಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ. ಹತ್ತಾರು ಲಾರಿ ಇಟ್ಟುಕೊಂಡ ಮಾಲೀಕರಿಗೆ ಅದು ಅಷ್ಟು ಸುಲಭವಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕಿನವರು ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಡೀಸೆಲ್ ಹಾಕಿಸಿದ್ದು ಹೊರ ಜಿಲ್ಲೆಯಲ್ಲಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ. ಗಡುವು 2 ವರ್ಷ. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬಂಕ್ ಮಾಲೀಕರ ಜೊತೆ ತೈಲ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದು ಕಂಪನಿ ಜೊತೆ ಮಾತಾಡಿ ರಾಜಿಗೆ ಯತ್ನಿಸುತ್ತದೆಯೇ ಹೊರತು ಪರಿಹಾರದ ಆದೇಶ ಕೊಡುವುದಿಲ್ಲ.

ಇಂಥ ಪ್ರಕರಣ ನಿಲ್ಲುವುದು ಬೀಳುವುದು ಸಾಕ್ಷ್ಯದ ಮೇಲೆ. ದೋಷ ಪತ್ತೆಗೆ ಪರೀಕ್ಷೆ ಬೇಕಿದ್ದರೆ ಆಯೋಗ ಮಾದರಿಯನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಅದರ ಶುಲ್ಕ ನೀವು ಕಟ್ಟಬೇಕಾಗಬಹುದು. ಮೆಕ್ಯಾನಿಕ್ ಟ್ಯಾಂಕ್ ಖಾಲಿ ಮಾಡಿ ಡೀಸೆಲ್ ಚೆಲ್ಲಿಬಿಟ್ಟರೆ ಕಳಿಸುವುದೇನನ್ನು? ಬೀಜದ ಪ್ರಕರಣಗಳಲ್ಲಿ ರೈತರಿಗೆ ಒಂದು ಆಸರೆ ಇದೆ. ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಆಂಧ್ರದ ರೈತರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಬಿತ್ತುವ ರೈತ ಪರೀಕ್ಷೆಗೆಂದು ಬೀಜ ಎತ್ತಿಡಬೇಕೆಂದು ನಿರೀಕ್ಷಿಸಲಾಗದು ಎಂದಿತು. ಡೀಸೆಲ್‌ಗೂ ಅದೇ ಸಡಿಲಿಕೆ ಸಿಗುತ್ತದೆಂದು ನಂಬಿ ಕೂರಬೇಡಿ ಎಂಬುದು ನಮ್ಮ ಸಲಹೆ.

ಅನುಮಾನ ಬಂದ ಕೂಡಲೇ ಎಂಜಿನ್ ನಿಲ್ಲಿಸಿ. ಬಿಲ್ ಅಥವಾ ಫೋನ್‌ಪೇ ರಸೀದಿ ಎತ್ತಿಡಿ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚುವಾಗ ವಿಡಿಯೊ ಮಾಡಿ, ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ದಿನಾಂಕದ ಜೊತೆ ಬರೆಸಿಕೊಳ್ಳಿ. ಟ್ಯಾಂಕಿನ ಡೀಸೆಲ್ಲನ್ನು ಶುಚಿಯಾದ ಗಾಜು ಅಥವಾ ಅಲ್ಯೂಮಿನಿಯಂ ಪಾತ್ರೆಗೆ ತೆಗೆದು ಸಾಕ್ಷಿಗಳ ಎದುರು ಮುಚ್ಚಿ, ಸಹಿ ಹಾಕಿಸಿ. "ನೀವೇ ನೀರು ಬೆರೆಸಿದ್ದೀರಿ" ಎಂಬ ಮಾತು ಬಂದೇ ಬರುತ್ತದೆ. ಹಾಗಾಗಿ ಅಧಿಕಾರಿಗಳೇ ಬಂಕ್‌ನಿಂದ ಮಾದರಿ ತೆಗೆಯುವಂತೆ ಮಾಡುವುದು ಉತ್ತಮ. ಆಹಾರ ಇಲಾಖೆಗೂ, ಬಂಕ್‌ನ ಫಲಕದಲ್ಲಿ ಸಂಖ್ಯೆ ಇರುವ ಕಂಪನಿಯ ಸೇಲ್ಸ್ ಆಫೀಸರ್‌ಗೂ ಅದೇ ದಿನ ಲಿಖಿತ ದೂರು ಕೊಡಿ. ಟ್ಯಾಂಕರ್ ಬಂದಾಗ ತೆಗೆದಿಟ್ಟ ಮಾದರಿಯನ್ನೂ ಪರೀಕ್ಷಿಸಿ ಎಂದು ದೂರಿನಲ್ಲೇ ಬರೆಯಿರಿ. ಅದೇ ದಿನ ಅದೇ ಬಂಕ್‌ನಲ್ಲಿ ಹಾಕಿಸಿದ ಬೇರೆಯವರ ಗಾಡಿಯೂ ನಿಂತಿದ್ದರೆ ಅವರ ಬಿಲ್ ಪ್ರತಿಯನ್ನೂ ಜೊತೆಗಿಡಿ. ಡೀಸೆಲ್ ಕೆಟ್ಟಿಲ್ಲ, ಅಳತೆಯಲ್ಲಿ ಮಾತ್ರ ಮೋಸ ಎಂದಾದರೆ ದೂರು ಹೋಗಬೇಕಾದದ್ದು ಕಾನೂನು ಮಾಪನ ಶಾಸ್ತ್ರ ಇಲಾಖೆಗೆ.