ಗ್ಲೋಬ್ ನಾಟಕಶಾಲೆಯ ಪೂರ್ವೋತ್ತರ

ಷೇಕ್ಸ್‌ಪಿಯರ್ ಮಹಾಕವಿಯ ಹೆಸರಿನೊಡನೆ ಲಂಡನ್ನಿನ ಗ್ಲೋಬ್ ನಾಟಕಶಾಲೆಯ ಹೆಸರೂ ವಿದ್ಯಾವಂತರಿಗೆಲ್ಲ ಪರಿಚಿತವಾದುದೇ. ಆದರೆ ಅದರ ಮರಮುಟ್ಟು ಮೊದಲು ಬೇರೊಂದು ನಾಟಕಶಾಲೆಯದಾಗಿದ್ದಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

1576ರಲ್ಲಿ ನಟನಾದ ಜೇಮ್ಸ್ ಬರ್ಬೇಜನು ನಗರದ ಎಲ್ಲೆಯಾಚೆ, ಷೋರ್‌ಡಿಚ್ಚಿನಲ್ಲಿ, ಜೈಲ್ಸ್ ಆಲೆನ್ನನ ನೆಲವನ್ನು 21 ವರ್ಷಗಳ ಗುತ್ತಿಗೆಗೆ ಹಿಡಿದು ಒಂದು ನಾಟಕಶಾಲೆಯನ್ನು ಕಟ್ಟಿಸಿದನು. ಥಿಯೇಟರ್ ಎಂದೇ ಅದರ ಹೆಸರು. ನಡುವೆ ಬಯಲಂಗಳ; ಸುತ್ತಲೂ ಮೂರು ಅಂತಸ್ತಿನ ಮೊಗಸಾಲೆ. ಕಟ್ಟಡದ ಜೀವಾಳವೆಲ್ಲ ಓಕ್ ಮರದ ಚೌಕಟ್ಟು. ಒಂದು ತೊಲೆಯ ತುದಿಯನ್ನು ಇನ್ನೊಂದರ ಕಂಡಿಯೊಳಕ್ಕೆ ಸೇರಿಸಿ ಮರದ ಗೂಟವನ್ನು ಬಡಿಯುತ್ತಿದ್ದರು. ಗೂಟ ಕಿತ್ತರೆ ಕಟ್ಟಡವನ್ನೇ ಕಳಚಬಹುದಾಗಿದ್ದಿತು.

1596ರಲ್ಲಿ ಬರ್ಬೇಜನು 600 ಪೌಂಡು ತೆತ್ತು ಬ್ಲ್ಯಾಕ್‌ಫ್ರಯರ್ಸ್ ಎಂಬಲ್ಲಿ ಬೇರೊಂದು ಶಾಲೆಗೆ ಸ್ಥಳ ಕೊಂಡನು. ನೆರೆಹೊರೆಯವರು ತಡೆದರು, ಹಣ ಸಿಕ್ಕಿಬಿದ್ದಿತು. ಮರುವರ್ಷ ಆತ ತೀರಿಕೊಂಡನು, ಗುತ್ತಿಗೆಯೂ ಮುಗಿಯಿತು. ಕಟ್ಟಡವನ್ನು ಒಯ್ಯಲು ಕರಾರಿನಲ್ಲಿ ಹಕ್ಕುಂಟೆಂದು ಮಕ್ಕಳ ವಾದ. ಅವಧಿಯೊಡನೆ ಹಕ್ಕೂ ತೀರಿತೆಂದು ಆಲೆನ್ನನ ವಾದ.

1598ರ ಡಿಸೆಂಬರ್ 28ರಂದು ಕತ್‌ಬರ್ಟ್ ಮತ್ತು ರಿಚರ್ಡ್ ಬರ್ಬೇಜರು ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನೂ ಆಳುಗಳನ್ನೂ ಕರೆತಂದು ಕಳಚುವ ಕೆಲಸಕ್ಕೆ ಕೈಹಾಕಿದರು. ಆ ತೊಲೆಗಳೇ ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಸಾಗಿ, 1599ರಲ್ಲಿ ಗ್ಲೋಬ್ ಆಗಿ ಎದ್ದು ನಿಂತುವು. ಆಲೆನ್ನನು ನ್ಯಾಯಸ್ಥಾನಕ್ಕೆ ಹೋದರೂ ಗೆಲ್ಲಲಿಲ್ಲ.

ಮರವೇನೋ ದೊರೆಯಿತು; ಹಣವಿರಲಿಲ್ಲ. ಆದ್ದರಿಂದ ಸಹೋದರರು ಅರ್ಧ ಪಾಲನ್ನು ತಾವಿಟ್ಟುಕೊಂಡು, ಉಳಿದರ್ಧವನ್ನು ಮಂಡಲಿಯ ಐವರು ನಟರಿಗೆ ಹಂಚಿದರು. ಷೇಕ್ಸ್‌ಪಿಯರನು ಅವರಲ್ಲೊಬ್ಬ, ಜಾನ್ ಹೆಮಿಂಜಸನು ಇನ್ನೊಬ್ಬ. ನಟರು ತಾವು ಆಡುವ ಶಾಲೆಗೆ ತಾವೇ ಪಾಲುದಾರರಾದುದು ಆ ಕಾಲಕ್ಕೆ ಹೊಸ ಸಂಗತಿ. ಅದನ್ನು ಮಾಡಿಸಿದುದು ಔದಾರ್ಯವಲ್ಲ, ಬಡತನ.

1613ರ ಜೂನ್ 29ರಂದು, ಎಂಟನೆಯ ಹೆನ್ರಿಯ ನಾಟಕ ನಡೆಯುತ್ತಿರುವಾಗ, ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಾಗಿ ಗ್ಲೋಬ್ ಸುಟ್ಟುಹೋಯಿತು. ಪಾಲುದಾರರು ಕೈಚೆಲ್ಲಲಿಲ್ಲ, ಮರುವರ್ಷವೇ ಹೆಂಚಿನ ಮಾಡಿನ ಹೊಸ ಶಾಲೆ ಎದ್ದಿತು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನೆಲ್ಲ ನಿಷೇಧಿಸಿದಾಗ ಅದರ ಬಾಗಿಲೂ ಮುಚ್ಚಿತು. ಅದರ ಸಮೀಪದಲ್ಲಿ ಈಗಿರುವ ಗ್ಲೋಬ್ 1997ರಲ್ಲಿ ತೆರೆದ ಪ್ರತಿಕೃತಿ. ಷೋರ್‌ಡಿಚ್ಚಿನ ಮೂಲ ಶಾಲೆಯ ತಳಪಾಯವು 2008ರಲ್ಲಿ ಅಗೆತದಿಂದ ಬೆಳಕಿಗೆ ಬಂದಿತು.

ಆ ಓಕ್ ತೊಲೆಗಳಲ್ಲಿ ಒಂದೂ ಉಳಿದಿಲ್ಲ. ಆದರೆ ಕವಿ ಗತಿಸಿ ಏಳು ವರ್ಷಗಳಾದ ಮೇಲೆ, 1623ರಲ್ಲಿ, ಅವನ 36 ನಾಟಕಗಳನ್ನು ಒಂದುಗೂಡಿಸಿ ಅಚ್ಚಿಗೆ ಕೊಟ್ಟವರು ಇಬ್ಬರು ಜೊತೆಯ ನಟರು. ಅವರಲ್ಲಿ ಒಬ್ಬನು ಈ ಹೆಮಿಂಜಸನೇ. ಆ ನಾಟಕಗಳಲ್ಲಿ ಸುಮಾರು ಅರ್ಧದಷ್ಟು ಅದಕ್ಕೆ ಮುನ್ನ ಅಚ್ಚನ್ನೇ ಕಂಡಿರಲಿಲ್ಲ. ಮರದಲ್ಲಿ ಪಾಲು ಹಿಡಿದವನು ಮಾತನ್ನೂ ಕಾಯ್ದನು.