ಸಾವಿರದ ಮುನ್ನೂರು ಮೀಟರ್ ಹೋದ ಹಡಗು

ಯೂರೋಪಿನವರಿಗೆ ಸಿಟಿ ಬ್ರೇಕ್ ಅನ್ನೋದೊಂದು ಚಟ. ಶುಕ್ರವಾರ ಸಂಜೆ ಬೆನ್ನಿಗೊಂದು ಬ್ಯಾಗು ಏರಿಸಿ ವಿಮಾನ ಹತ್ತೋದು, ಯಾವುದೋ ಊರು ಸುತ್ತೋದು, ಭಾನುವಾರ ರಾತ್ರಿ ವಾಪಸ್ಸು. ಆಂಸ್ಟರ್‌ಡ್ಯಾಂನಲ್ಲಿ ಆನ್‌ಸೈಟ್ ಇದ್ದಾಗ ನನಗೂ ಅದು ಅಂಟಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೊರಟಾಗ ಹದಿನಾಲ್ಕು ಜಾಗ ಪಟ್ಟಿ ಮಾಡಿಕೊಂಡಿದ್ದೆ. ನೋಡಿದ್ದು ಎರಡು. ಒಂದು ಗಮ್ಲಾ ಸ್ತಾನ್ ಅನ್ನೋ ಹಳೇ ಊರು. ಅದರ ಓಣಿಗಳ ಫೋಟೋ ನೀವು ಆಗಲೇ ಇನ್‌ಸ್ಟಾಗ್ರಾಮಿನಲ್ಲಿ ನೋಡಿರ್ತೀರಿ, ಬಿಡಿ. ಇನ್ನೊಂದು ವಾಸಾ.

ಸ್ಲುಸೆನ್ನಿನಿಂದ ದೋಣಿ ಹಿಡಿದು ಯೂರ್‌ಗಾರ್ಡನ್ ದ್ವೀಪಕ್ಕೆ ಹೋದರೆ ಅಲ್ಲೇ ಮ್ಯೂಸಿಯಂ. ಒಳಗೆ ಮಬ್ಬು ಕತ್ತಲು. ಕಣ್ಣು ಹೊಂದಿಕೊಳ್ಳುತ್ತಿದ್ದ ಹಾಗೆ ಎದುರಿಗೆ ನಾಲ್ಕಂತಸ್ತಿನ ಕಟ್ಟಡದಂಥ ಕಪ್ಪು ಮರದ ಹಡಗು. 69 ಮೀಟರ್ ಉದ್ದ, ಹಿಂಭಾಗದ ತುಂಬ ಸಿಂಹ, ದೇವತೆಗಳ ಕೆತ್ತನೆ, ಮುಂಭಾಗದಲ್ಲಿ ರೋಮನ್ ಚಕ್ರವರ್ತಿಗಳು. ಇದು ಸಮುದ್ರದಲ್ಲಿ ಓಡಿದ್ದು ಒಟ್ಟು ಸುಮಾರು 1300 ಮೀಟರ್. ನಮ್ಮೂರ ಬಸ್‌ಸ್ಟ್ಯಾಂಡಿನಿಂದ ಹೈಸ್ಕೂಲಿಗೆ ಇದಕ್ಕಿಂತ ಜಾಸ್ತಿ ದೂರ.

ಕಟ್ಟಿಸಿದ್ದು ಎರಡನೇ ಗುಸ್ತಾವ್ ಅಡಾಲ್ಫ್. ಪೋಲೆಂಡಿನ ಜೊತೆ ಯುದ್ಧ ನಡೀತಿತ್ತು, ಹಡಗು ಬೇಗ ಬೇಕಿತ್ತು. ದೊರೆ ದೂರದ ಯುದ್ಧಭೂಮಿಯಿಂದಲೇ ಪತ್ರ ಬರೆದು ಅವಸರ ಮಾಡ್ತಿದ್ದ. ಹಡಗಿನ ಮೇಸ್ತ್ರಿ ಹೆನ್ರಿಕ್ ಹೈಬರ್ಟ್‌ಸನ್, ಡಚ್ಚಿನವನು. ಕೆಲಸ ಮುಗಿಯೋ ಮೊದಲೇ ಕಾಯಿಲೆ ಬಿದ್ದು 1627ರಲ್ಲಿ ತೀರಿಕೊಂಡ. ಅವನ ಕೈಕೆಳಗಿದ್ದವನು ಉಳಿದದ್ದನ್ನು ಮುಗಿಸಿದ. ಕಾಗದದ ಮೇಲೆ ಪೂರ್ತಿ ಡ್ರಾಯಿಂಗ್ ಮಾಡೋ ಪದ್ಧತಿ ಆಗ ಇರಲಿಲ್ಲ, ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿ. ಡಾಕ್ಯುಮೆಂಟೇಶನ್ ಇಲ್ಲದ ಪ್ರಾಜೆಕ್ಟಿನಲ್ಲಿ ಸೀನಿಯರ್ ಹೋಗಿಬಿಟ್ಟರೆ ಏನಾಗುತ್ತೆ ಅಂತ ನಿಮಗೆ ನಾನೇನು ಹೇಳೋದು! ಹಡಗಿನೊಳಗೆ ಬಡಗಿಗಳ ಅಳತೆಪಟ್ಟಿಗಳೂ ಸಿಕ್ಕಿವೆ. ಕೆಲವು ಸ್ವೀಡನ್ನಿನ ಅಡಿ, ಹನ್ನೆರಡು ಇಂಚಿನದು. ಕೆಲವು ಆಂಸ್ಟರ್‌ಡ್ಯಾಂ ಅಡಿ, ಹನ್ನೊಂದು ಇಂಚಿನದು. ಅಳತೆ ತೆಗೆದು ನೋಡಿದರೆ ಹಡಗಿನ ಎರಡು ಪಕ್ಕಗಳೂ ಸಮ ಇಲ್ಲ.

ಆದರೆ ಮುಳುಗಿಸಿದ್ದು ಅದಲ್ಲ, ಮೇಲಿನ ಭಾರ. ಎರಡು ಅಂತಸ್ತು ಫಿರಂಗಿ, ಒಟ್ಟು 64, ಎಲ್ಲ ಕಂಚಿನವು. ತಳದಲ್ಲಿ ಕಲ್ಲು ತುಂಬಿದ್ದರು, ಅದು ಸಾಲಲಿಲ್ಲ. ಇನ್ನಷ್ಟು ತುಂಬಿದರೆ ಹಡಗು ಕೆಳಗಿಳಿದು ಫಿರಂಗಿ ಕಿಂಡಿಗಳು ನೀರಿಗೆ ತಾಗುತ್ತಿದ್ದವು. ಗಾಡಿಗೆ ಹುಲ್ಲು ಹೇರುವಾಗ ನಮ್ಮಪ್ಪ ಇನ್ನೂ ನಾಲ್ಕು ಹೊರೆ ಹಿಡಿಯುತ್ತೆ ಅಂತ ಗೊತ್ತಿದ್ದರೂ ಸಾಕು ಅಂದುಬಿಡ್ತಿದ್ದರು. ಕಾಲುವೆ ಏರಿ ಹತ್ತುವಾಗ ಗಾಡಿ ಒಂದು ಕಡೆ ವಾಲಿತು ಅಂದರೆ ಮುಗೀತು.

ಇಲ್ಲೂ ಗೊತ್ತಿತ್ತು. ನನ್ನನ್ನು ಅಲ್ಲೇ ನಿಲ್ಲಿಸಿದ್ದು ಅದು. ಹೊರಡೋ ಮೊದಲು, ದಡದಲ್ಲೇ, ಒಂದು ಪರೀಕ್ಷೆ ಮಾಡಿದರು. ಮೂವತ್ತು ಜನ ಡೆಕ್ಕಿನ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಟ್ಟಿಗೆ ಓಡಬೇಕು. ಮೂರು ಸಲ ಓಡಿದರು, ಪ್ರತಿ ಸಲವೂ ಹಡಗು ಇನ್ನಷ್ಟು ವಾಲಿತು. ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ನಿಲ್ಲಿಸಿ ಅಂದ. ನಿಲ್ಲಿಸಿದ್ದು ಪರೀಕ್ಷೆಯನ್ನು, ಪ್ರಯಾಣವನ್ನಲ್ಲ.

1628ರ ಆಗಸ್ಟ್ 10, ಭಾನುವಾರ. ದಡದ ತುಂಬ ಜನ. ಮೊದಲ ಒಂದಷ್ಟು ದೂರಕ್ಕೆ ನಾವಿಕರ ಹೆಂಡತಿ ಮಕ್ಕಳೂ ಹತ್ತಬಹುದು ಅಂದಿದ್ದರು. ಹತ್ತು ಹಾಯಿಗಳಲ್ಲಿ ನಾಲ್ಕು ಬಿಚ್ಚಿದ್ದರು. ವಂದನೆಯ ಗುಂಡು ಹಾರಿಸಲು ಕಿಂಡಿಗಳು ತೆರೆದಿದ್ದವು. ಒಂದು ಬೀಸಿಗೆ ವಾಲಿ ಎದ್ದು ನಿಂತಿತು. ಮುಂದಿನದಕ್ಕೆ ಏಳಲಿಲ್ಲ. ಕೆಳಗಿನ ಕಿಂಡಿಗಳಿಂದ ನೀರು ನುಗ್ಗಿ, ದಡದವರು ನೋಡುತ್ತಿದ್ದ ಹಾಗೇ 32 ಮೀಟರ್ ಆಳಕ್ಕೆ ಹೋಯಿತು. ಸತ್ತವರು ಸುಮಾರು ಮೂವತ್ತು. ಸಿಕ್ಕ ಅಸ್ಥಿಗಳಲ್ಲಿ ಒಂದನ್ನು ಬಹಳ ವರ್ಷ ಗಂಡಸು ಅಂತಲೇ ತಿಳಿದಿದ್ದರು, ಗುಸ್ತಾವ್ ಅಂತ ಹೆಸರೂ ಇಟ್ಟಿದ್ದರು. 2023ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿತು, ಅದು ಹೆಣ್ಣು.

ಕ್ಯಾಪ್ಟನ್‌ನನ್ನು ಹಿಡಿದು ಹಾಕಿದರು, ವಿಚಾರಣೆ ನಡೆಯಿತು. ಫಿರಂಗಿ ಸರಿಯಾಗಿ ಕಟ್ಟಿದ್ದೆವು ಅಂದರು ಇವರು. ದೊರೆ ಒಪ್ಪಿದ ಅಳತೆಗೇ ಕಟ್ಟಿದ್ದೆವು ಅಂದರು ಅವರು. ಮೇಸ್ತ್ರಿ ಸತ್ತಿದ್ದ. ದೊರೆಯನ್ನು ಯಾರು ಕೇಳೋಕಾಗುತ್ತೆ? ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ.

ನನಗೂ ಒಂದು ಮೂವತ್ತು ಜನರ ಓಟ ಗೊತ್ತು. ಹಿಂದೊಂದು ಕಂಪನಿಯಲ್ಲಿ ರಿಲೀಸಿಗೆ ನಾಲ್ಕು ದಿನ ಮುಂಚೆ ಲೋಡ್ ಟೆಸ್ಟ್ ಹಚ್ಚಿದ್ದೆವು. ಅರ್ಧಕ್ಕೂ ಮುಟ್ಟಿರಲಿಲ್ಲ, ಸರ್ವರ್ ಬಿದ್ದುಹೋಯಿತು. ಮ್ಯಾನೇಜರ್ ಟೆಸ್ಟ್ ನಿಲ್ಲಿಸಿ ಅಂದರು, ನಿಲ್ಲಿಸಿದೆ. ಡೇಟ್ ಮುಂದೆ ಹಾಕಿ ಅಂತ ನಾನು ಕೇಳಲಿಲ್ಲ. ಅಪ್ರೈಸಲ್ ತಿಂಗಳು. ಮೊದಲ ದಿನವೇ ಎಲ್ಲ ಕೂತುಹೋಯಿತು. ಆಮೇಲಿನ ಮೀಟಿಂಗಿನಲ್ಲಿ ತಪ್ಪು ಬಂದು ನಿಂತದ್ದು ಟೀಮಿಗೆ ಸೇರಿ ಐದು ತಿಂಗಳಾಗಿದ್ದ ಹುಡುಗಿಯ ತಲೆ ಮೇಲೆ, ಅವಳು ಬರೆದ ಒಂದು ಕ್ವೆರಿ ನಿಧಾನ ಇತ್ತು ಅಂತ. ಅವಳ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಲೋಡ್ ಟೆಸ್ಟಿನ ವಿಷಯ ಗೊತ್ತಿದ್ದ ನಾನು ಆ ರೂಮಿನಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದೆ. ಸ್ವೀಡನ್ನಿನವರು ಕಡೇಪಕ್ಷ ಬಡಪಾಯಿ ಒಬ್ಬನನ್ನು ಹುಡುಕಿ ಬಲಿ ಕೊಡಲಿಲ್ಲವಲ್ಲ ಅನ್ನಿಸಿತು.

ವಾಸಾ 333 ವರ್ಷ ನೀರಲ್ಲೇ ಇತ್ತು. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ, ಮರ ಕೊರೆಯೋ ಹಡಗುಹುಳ ಅಲ್ಲಿ ಬದುಕಲ್ಲ. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಅದನ್ನು ಪತ್ತೆ ಮಾಡಿದ. 1961ರ ಏಪ್ರಿಲ್ 24ಕ್ಕೆ ಮೇಲೆತ್ತಿದರು. ಒಣಗಿ ಸೀಳದಿರಲಿ ಅಂತ ಹದಿನೇಳು ವರ್ಷ ಮೇಣದಂಥ ರಾಸಾಯನಿಕ ಸಿಂಪಡಿಸಿದರು. ಈಗ ನಾವು ನೋಡೋ ಹಡಗಿನಲ್ಲಿ 98 ಪಾಲು ಮೂಲ ಮರವೇ.

ಹೊರಗೆ ಬಂದಾಗ ಸಂಜೆ ಐದು. ಪಟ್ಟಿಯಲ್ಲಿ ಇನ್ನೂ ಹನ್ನೆರಡು ಜಾಗ ಬಾಕಿ. ದೋಣಿಗೆ ಕಾಯುತ್ತಾ ಫೋನಿನಲ್ಲಿ ಆ ಹುಡುಗಿಯ ನಂಬರ್ ಹುಡುಕಿದೆ. ಇತ್ತು. ಮೆಸೇಜು ಮೂರು ಸಲ ಬರೆದು ಅಳಿಸಿದೆ. ನಾಲ್ಕನೇ ಸಲ, ದೋಣಿ ದಡ ಬಿಡುವಾಗ, ಕಳಿಸಿದೆ. ಭಾನುವಾರ ರಾತ್ರಿ ಆಂಸ್ಟರ್‌ಡ್ಯಾಂನಲ್ಲಿ ಇಳಿದಾಗ ಎರಡು ನೀಲಿ ಗೆರೆ ಬಂದಿದ್ದವು, ಉತ್ತರ ಬಂದಿರಲಿಲ್ಲ.